ಬೆಕ್ಕು, ಮೀನು, ಅಜ್ಜಿ

ಚಿಮಟದ ತುದಿಯಲ್ಲಿ ಹಿಡಿದ ಅಂಚೆಚೀಟಿಯನ್ನು ಪ್ಲಾಸ್ಟಿಕ್ ಪೊರೆಯೊಳಗೆ ಇಳಿಸುವಾಗ ನಿವೇದಿತಾ ಉಸಿರು ಬಿಗಿಹಿಡಿದಿದ್ದಳು. ಹಾರಿಹೋಗದಿರಲೆಂದು ಊಟದ ಮೇಜಿನ ಮೇಲಿನ ಫ್ಯಾನ್ ಆರಿಸಿದ್ದಳು. ಈ ಮೊದಲ ಚೀಟಿಯಲ್ಲಿ ಒಂದು ಬೆಕ್ಕು ಮೀನು ಕದಿಯುತ್ತಿತ್ತು. ಎರಡನೆಯದರಲ್ಲಿ ಅಜ್ಜಿ ಪೊರಕೆ ಹಿಡಿದು ಓಡುತ್ತಾಳೆ, ಮೂರನೆಯದರಲ್ಲಿ ಜಾರಿ ಬೀಳುತ್ತಾಳೆ. ಕೊನೆಯದರಲ್ಲಿ ಬೆಕ್ಕು ಅರ್ಧ ಮೀನನ್ನು ತಂದು ಅವಳ ಮುಂದಿಡುತ್ತದೆ. ಕೊರಿಯಾದ ಪತ್ರಿಕೆಗಳ ಹಳೆಯ ವ್ಯಂಗ್ಯಚಿತ್ರಗಳನ್ನು ನೆನೆದು ಹೊರಡಿಸಿದ ಚೀಟಿಗಳಿವು. ಮೇಲಿನಿಂದ ಕೆಳಕ್ಕೆ ಓದಬೇಕು.

ಅದನ್ನು ಹೇಳಿಕೊಟ್ಟವರು ಹ್ಯೂಸ್ಟನ್ನಿನ ಲೈಬ್ರರಿಯಲ್ಲಿ ಪರಿಚಯವಾದ ಯೂನ್ ಆಂಟಿ. ಅವರ ಪಕ್ಕ ಕೂತು ನಿವೇದಿತಾ ಕೊರಿಯನ್ ಅಕ್ಷರ ತಿದ್ದಿ, ಮಾತನ್ನೂ ಕಲಿತಿದ್ದಳು. ಮಗಳು ಆಸ್ಟಿನ್‌ಗೆ ಓದಲು ಹೋದ ಮೇಲೆ ಖಾಲಿಯಾದ ಶನಿವಾರಗಳನ್ನು ಈ ಚೀಟಿಗಳು ತುಂಬಿದ್ದವು.

ಗಂಡ ಶಶಿಕಾಂತ್ ಕ್ಲಿಯರ್ ಲೇಕ್‌ನ ಆಫೀಸಿನಿಂದ ಬಂದವನು ಸಂಗ್ರಹದ ಮೊದಲ ಪುಟವನ್ನು ಪ್ರಿಂಟ್ ಮಾಡಿ ತಂದಿದ್ದ. ಅವನ ರಾಕೆಟ್ ಚೀಟಿಗಳನ್ನು ಈ ಸಲ ಡಲ್ಲಾಸ್ ಪ್ರದರ್ಶನದವರು ತೆಗೆದುಕೊಂಡಿರಲಿಲ್ಲ; ಬದಲಿಗೆ ನಿವೇದಿತಾಳ ಚೀಟಿಗಳನ್ನು ಒಪ್ಪಿದ್ದರು. ಪುಟದ ಮೇಲೆ ಅವನೊಬ್ಬನ ಹೆಸರಿತ್ತು.

"ನನ್ನ ಹೆಸರು ಎಲ್ಲಿ ಅದ ರೀ?"

"ಸ್ಟ್ಯಾಂಪ್ ಕ್ಲಬ್ಬಿನ ಮೆಂಬರ್ ನಾನಲ್ಲೇನು? ಮನಿ ಸಾಮಾನಿಗೆ ನಿಂದು ನಂದು ಅಂತ ಹೆಸರು ಬರಸ್ತಾರೇನ?"

"ಯಾಕ, ನಿಮ್ಮವ್ವ ಚಮಚಾದ ಮ್ಯಾಲೂ ಬರಿಸ್ಯಾರಲ್ಲ."

ಅವನು ನಕ್ಕ. ಪುಟ ಬದಲಾಗಲಿಲ್ಲ. ಮಗಳು ಪ್ರೇರಣಾಳಿಗೆ ಫೋನ್ ಮಾಡಿದರೆ ಅವಳೂ, "ಅಮ್ಮಾ, ದೇ ಆರ್ ಜಸ್ಟ್ ಸ್ಟ್ಯಾಂಪ್ಸ್," ಎಂದಳು. ನಿವೇದಿತಾ ಚಪಾತಿ ಹಿಟ್ಟು ನಾದಿದಳು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.

ಪ್ರದರ್ಶನ ಡಲ್ಲಾಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್‌ನ ಒಂದು ಸಭಾಂಗಣದಲ್ಲಿ. ಚೀಟಿ ಜೋಡಿಸಲು ಹಿಂದಿನ ದಿನವೇ ಹೊರಟಿದ್ದರು. ದಾರಿಯುದ್ದಕ್ಕೂ ಶಶಿಕಾಂತ್ ಪಾಠ ಒಪ್ಪಿಸುವವನಂತೆ ಚಿತ್ರಗಾರರ ಹೆಸರುಗಳನ್ನು ಹೇಳಿಕೊಂಡ. ಮರುದಿನ ಬೆಳಿಗ್ಗೆ ತೀರ್ಪುಗಾರರು ಪ್ರತಿ ಚೌಕಟ್ಟಿನ ಮುಂದೆ ನಿಂತು, ಎಲ್ಲರೆದುರಿಗೆ ಸಂಗ್ರಾಹಕರನ್ನು ಪ್ರಶ್ನಿಸುವುದು ಅಲ್ಲಿನ ಪದ್ಧತಿ.

"ನೀ ನನ್ನ ಹಿಂದ ನಿಂದರು. ನಾ ತಡವರಿಸಿದ್ರ ಕನ್ನಡದಾಗ ಮೆಲ್ಲಕ ಹೇಳು. ಯಾರಿಗೆ ತಿಳೀತದ?"

ಅವಳು ಕಿಟಕಿಯಾಚೆ ನೋಡಿದಳು.

ತಾವೂ ಚೀಟಿ ಕೂಡಿಸುವ, ಆಸ್ಟಿನ್‌ನಿಂದ ಬಂದಿದ್ದ ಚನ್ನವೀರಪ್ಪ ಅಂಕಲ್ ಸಭಾಂಗಣದ ಬಾಗಿಲಲ್ಲೇ ಸಿಕ್ಕರು. "ಏನಪಾ ಶಶಿ, ರಾಕೆಟ್ ಬಿಟ್ಟು ಬೆಕ್ಕಿನ ಬಾಲ ಹಿಡದೀಯಂತ! ಏನವಾ ನಿವೇದಿತಾ, ಇದರಾಗ ನಿನ್ನ ಕೈವಾಡ ಎಷ್ಟು?"

"ಅಕಿ ಅಂಟಿಸಿ ಕೊಟ್ಟಾಳ, ಅಷ್ಟ," ಎಂದ ಶಶಿಕಾಂತ್. ಆಮೇಲೆ ಅವಳ ಕಡೆ ತಿರುಗಿ, "ಎರಡು ಕಾಫಿ ತಾ, ಹೋಗು," ಎಂದ.

ಕಾಫಿ ಯಂತ್ರದ ಮುಂದೆ ನಿಂತು ಅವಳು ಎರಡು ಲೋಟ ತುಂಬಿಸಿಕೊಂಡಳು. ಆ 'ಅಷ್ಟ' ಮಾತ್ರ ಮುಳ್ಳಿನಂತೆ ಒಳಗೆ ಉಳಿಯಿತು. ಇಷ್ಟು ವರ್ಷ ಇವನ ಪ್ರತಿ ಸಭೆಗೂ ಶರ್ಟು ಇಸ್ತ್ರಿ ಮಾಡಿದ್ದು, ಭಾಷಣ ತಿದ್ದಿದ್ದು, ಎಲ್ಲಕ್ಕೂ ಇದೇ ಶಬ್ದ ಸಾಕಾಗಿತ್ತೇನೋ.

ಮರಳಿ ಬಂದಾಗ ಅವನು ಮೊದಲ ಚೌಕಟ್ಟಿನ ಚೀಟಿಗಳನ್ನು ಬಿಡಿಸಿ ಬೇರೆ ಕ್ರಮದಲ್ಲಿ ಅಂಟಿಸಿದ್ದ. "ನೋಡು, ತಿಳಿ ಬಣ್ಣ ಮ್ಯಾಲೆ, ಗಾಢ ಬಣ್ಣ ಕೆಳಗ. ಈಗ ಲಕ್ಷಣಾಗಿ ಕಾಣಸ್ತದ. ಹೆಂಗದ?"

ಈಗ ಅಜ್ಜಿ ಮೊದಲೇ ಜಾರಿ ಬಿದ್ದಿದ್ದಳು. ಬೆಕ್ಕು ಮೀನು ತಂದುಕೊಟ್ಟಿತ್ತು. ಕೊಟ್ಟ ತಪ್ಪಿಗೆಂಬಂತೆ ಅಜ್ಜಿ ಪೊರಕೆ ಹಿಡಿದು ಅದನ್ನೇ ಅಟ್ಟಿಸಿಕೊಂಡು ಹೋಗುತ್ತಿದ್ದಳು. ಕೊನೆಗೆ ಬೆಕ್ಕು ಕದಿಯುತ್ತಿತ್ತು. ಈ ವ್ಯಂಗ್ಯಚಿತ್ರ ಬಲ್ಲ ಯಾರಾದರೂ ಒಂದೇ ನೋಟದಲ್ಲಿ ಹಿಡಿಯುವ ತಪ್ಪು. ನಾಳೆ ಬೆಳಿಗ್ಗೆ ಬರುವ ಮೂವರು ತೀರ್ಪುಗಾರರಲ್ಲಿ ಒಬ್ಬಾಕೆ ಕೊರಿಯಾದವಳು. ಆಕೆಯ ಹೆಸರು ಬಾಗಿಲಲ್ಲೇ ದೊಡ್ಡದಾಗಿ ಇತ್ತು.

ಚೌಕಟ್ಟುಗಳಿಗೆ ಗಾಜು ಬಿಗಿಯುತ್ತಿದ್ದ ಸ್ವಯಂಸೇವಕ ಹತ್ತಿರ ಬಂದ. ಒಮ್ಮೆ ಬಿಗಿದರೆ ಮುಗಿಯಿತು, ಬದಲಾಯಿಸುವಂತಿಲ್ಲ. ಶಶಿಕಾಂತ್ ಮತ್ತೆ ಕೇಳಿದ, "ಹೇಳು, ಹೆಂಗದ?"

"ಚೊಲೋ ಅದ ರೀ."

ಗಾಜು ಕೂತಿತು, ತಿರುಪುಗಳು ಒಂದೊಂದಾಗಿ ಬಿಗಿದವು. ಅವನು ದೂರ ನಿಂತು ಫೋಟೋ ತೆಗೆದು ಕ್ಲಬ್ಬಿನವರಿಗೆಲ್ಲ ಕಳಿಸಿದ.

ಅವನಿಗೆ ಕಾಫಿ ಕೊಡುತ್ತ ನಿವೇದಿತಾ ನಾಳೆ ತಾನು ನಿಲ್ಲುವ ಜಾಗವನ್ನು ಆರಿಸಿಕೊಂಡಳು. ಅವನ ಹಿಂದೆ ಅಲ್ಲ, ಎದುರಿಗೆ, ಆ ಕೊರಿಯಾದ ತೀರ್ಪುಗಾರ್ತಿಯ ಪಕ್ಕದಲ್ಲಿ. ಅವನು ತಡವರಿಸುತ್ತಾನೆ, ಕಣ್ಣಲ್ಲೇ ಅವಳನ್ನು ಕರೆಯುತ್ತಾನೆ. ಅವಳು ಕನ್ನಡದಲ್ಲಿ ಒಂದು ಶಬ್ದವನ್ನೂ ಆಡುವುದಿಲ್ಲ. ಅವನ ಮಾತು ಪೂರ್ತಿ ಬತ್ತುವವರೆಗೆ ಕಾಯುತ್ತಾಳೆ. ಆಮೇಲೆ ಆಕೆಯ ಕಡೆ ತಿರುಗಿ, ಇಡೀ ಕಥೆಯನ್ನು ಕೊರಿಯನ್ನಿನಲ್ಲಿ ಹೇಳುತ್ತಾಳೆ.

"ಸಕ್ಕರಿ ಕಮ್ಮಿ ಆಗೇದ," ಎಂದ ಶಶಿಕಾಂತ್.

"ತರತೀನಿ ರೀ," ಎಂದು ಅವಳು ಕಾಫಿ ಯಂತ್ರದ ಕಡೆ ನಡೆದಳು.