ರಸ್ತೆಯ ಎಡಬದಿ

"ಒಳಗ ಬಂದು ಕೂಡು ಅಂದ್ರ ಕೇಳಂಗಿಲ್ಲಲ್ಲ ನೀ! ಕಾಲಾಗ ಮುಳ್ಳ ನಟ್ಟಾವು."

ಕಲ್ಯಾಣಪ್ಪ ಎತ್ತುಗಳ ಹಗ್ಗ ಜಗ್ಗಿ ಹಿಂದಿರುಗಿ ನೋಡಿದ. ಹೆಂಡತಿ ಶೇವಂತಾಬಾಯಿ ಕೇಳಿಸಲೇ ಇಲ್ಲವೆಂಬಂತೆ ರಸ್ತೆ ಬಿಟ್ಟು ಕೆಳಗಿಳಿದು, ಬಲಗಡೆಯ ಜೋಳದ ಹೊಲದ ಅಂಚು ಹಿಡಿದು ನಡೆಯುತ್ತಿದ್ದಳು. ಕಾಸಾರ ಶಿರಶಿ ದಾಟುವವರೆಗೂ ಗಾಡಿಯೊಳಗೆ ಗೋಡೆಗೆ ಆನಿಕೊಂಡು ಕೂತಿದ್ದವಳು, ನಿಲಂಗಾದ ಕಡೆಗಿನ ಇಳಿಜಾರು ಕಂಡದ್ದೇ ತಡ, "ನಿಂದರಸ್ರಿ" ಎಂದು ಇಳಿದುಬಿಟ್ಟಿದ್ದಳು.

ಅದು ಊರ ಬಂಡಿಗಳಂಥ ಗಾಡಿಯಲ್ಲ. ಕಲ್ಯಾಣಪ್ಪ ರಸ್ತೆ ಇಲಾಖೆಯಲ್ಲಿ ರೋಲರ್ ನಡೆಸುತ್ತಿದ್ದವನು. ನಿಜಾಮರ ಕಾಲದಲ್ಲಿ ಸೇರಿದ್ದ; ನಿಜಾಮರು ಹೋದರು, ಸರಕಾರ ಬದಲಾಯಿತು, ರೋಲರ್ ಮಾತ್ರ ಅದೇ ಉಳಿಯಿತು. ಅದರ ಹಿಂದೆ ಕಟ್ಟಿಕೊಂಡು ಊರಿಂದೂರಿಗೆ ಎಳೆದೊಯ್ಯುತ್ತಿದ್ದ ತಗಡಿನ ಗಾಡಿಯೇ ಅವನ ಮನೆಯಾಗಿತ್ತು. ಗುಂಜೋಟಿಯ ನಿಜವಾದ ಮನೆಗೆ ಅವನು ನೆಂಟನಂತೆ ಬಂದು ಹೋಗುತ್ತಿದ್ದ. ಅವನು ನಿವೃತ್ತನಾದ ವರ್ಷವೇ ಇಲಾಖೆ ಆ ಗಾಡಿಯನ್ನೂ ಮೂಲೆಗೆ ಹಾಕಿ ಹರಾಜು ಕೂಗಿತು. ಅದನ್ನು ಕೊಂಡು ತಂದು, ನೊಗ ಕಟ್ಟಿಸಿ, ಹಸಿರು ಬಣ್ಣ ಬಳಿದ. ಒಬ್ಬನೇ ಮಲಗುತ್ತಿದ್ದ ಹಲಗೆಯನ್ನು ಇಬ್ಬರಿಗಾಗುವಷ್ಟು ಅಗಲ ಮಾಡಿಸಿದ. ಸ್ಟೋವಿಗೆ ಒಂದು ಗೂಡು, ಹೆಂಡತಿ ಹೊರಗೆ ನೋಡಲೆಂದು ಒಂದು ಕಿಟಕಿ.

"ಇಷ್ಟ ವರ್ಷ ನೀ ಒಬ್ಬಾಕಿನೇ ಮನ್ಯಾಗ ಕೂತಿ. ಈಗ ಉದಗೀರ ತನಕ ಮನಿ ಸಮೇತ ಒಯ್ತೀನಿ" ಎಂದಿದ್ದ. ಅವಳು "ನೀವು ಹೋಗಿ ಬರ್ರಿ, ನಾ ಒಲ್ಲೆ" ಎಂದಿದ್ದಳು. ಬಸ್ಸು ಹತ್ತಿದರೆ ವಾಂತಿಯೆಂದು ನಿಲಂಗಾದ ಅಕ್ಕನ ಮನೆಗೂ ಹೋಗದವಳು. ಈ ಗಾಡಿಗೆ ಆ ತೊಂದರೆಯಿಲ್ಲವೆಂದು ಅವನೇ ಬಲವಂತ ಮಾಡಿ ಹೊರಡಿಸಿದ್ದ.

ಈಗ ಅವಳ ಮನಸ್ಸು ತಿರುಗಿಸಲು ಚಾಟಿಯ ತುದಿಯಿಂದ ರಸ್ತೆ ತೋರಿಸಿದ. "ಇದು ನಾ ಮಾಡಿದ ರಸ್ತಾ ನೋಡು. ಮೊದಲ ಇಲ್ಲಿ ಒಂದ ಬಂಡಿ ಹೋಗೂದೇ ಕಠೀಣ ಇತ್ತು. ಎಡಕ ಇಷ್ಟೂ ಅಗಲ ಮಾಡಿದಿವಿ. ದೊಡ್ಡದೊಂದು ಬನ್ನಿ ಗಿಡ ಇತ್ತು..."

"ಗೊತ್ತದ."

"ನಿನಗ ಹ್ಯಾಂಗ ಗೊತ್ತು?"

"ನೀವೇ ಹೇಳಿದ್ರಿ. ಊಟಕ್ಕ ಕೂತಾಗ." ಅವಳು ನಿಂತಳು. "ಮುಂದ ಹೊಡಿಬ್ಯಾಡ್ರಿ. ಮುಕ್ತಾ ಇಲ್ಲೇ ಅದಾಳ."

ಮುಕ್ತಾ ಅವರಿಗೆ ಹುಟ್ಟಿದ ಒಂದೇ ಕೂಸು. ನಿಜಾಮರ ರಾಜ್ಯಕ್ಕೆ ಸೈನ್ಯ ನುಗ್ಗಿದ ಪುಲೀಸ್ ಆಕ್ಷನ್ನಿನ ಗದ್ದಲದಲ್ಲಿ ತೀರಿಕೊಂಡಿತ್ತು. ಕಲ್ಯಾಣಪ್ಪ ಆಗ ಜಹೀರಾಬಾದ ಕಡೆ ರೋಲರಿನ ಜೊತೆ ಸಿಕ್ಕಿಬಿದ್ದಿದ್ದ. ದಾರಿ ತೆರೆದು ಊರಿಗೆ ಬಂದಾಗ, ದೊಡ್ಡಮ್ಮನ ಮನೆಯಲ್ಲಿ ಜ್ವರ ಬಂದು ಹೋಯಿತು, ನಿಲಂಗಾದಲ್ಲೇ ಮಣ್ಣು ಮಾಡಿದೆವು ಎಂದಿದ್ದರು. ಹೆಚ್ಚು ಕೇಳುವ ಧೈರ್ಯ ಅವನಿಗೆ ಬರಲಿಲ್ಲ. ರಜೆ ಮುಗಿದೊಡನೆ ಕೆಲಸಕ್ಕೆ ಮರಳಿದ್ದ.

"ನಿಲಂಗಾದಾಗ ಅಂದಿದ್ದಿ" ಎಂದ.

"ಊರ ಖಾಲಿ ಆತು. ಅಣ್ಣ ಬಂಡಿ ಹೂಡಿದ. ಕೂಸಿನ ಮೈ ಹೆಂಚಿನಂಗ ಕಾದಿತ್ತು, ಮ್ಯಾಲಿಂದ ಮಳಿ. ಇಲ್ಲಿಗಿ ಬರೂದ್ರಾಗ ನನ್ನ ಮಡಿಲಾಗೇ ಉಸರು ನಿಂತಿತು. ಹಿಂದ ಸಾಲಾಗಿ ಬಂಡಿ ನಿಂತಾವ, ನಡೀರಿ ನಡೀರಿ ಅಂತ ಜನ ಒದರ್ತಾರ. ಅಣ್ಣ ಬನ್ನಿ ಗಿಡದ ಬುಡಕ ತಗ್ಗ ತೋಡಿದ. ಸಲಿಕಿ ಸುದ್ಧಾ ಇರಲಿಲ್ಲ, ಕೈಲೇ."

"ಆವಾಗೇ ಯಾಕ ಹೇಳಲಿಲ್ಲ?"

"ಜ್ವರದ ಕೂಸಿಗಿ ಮಳ್ಯಾಗ ಒಯ್ದ ಅಂತ ಅಣ್ಣನ ಮ್ಯಾಲ ಹರಿಹಾಯ್ತಿದ್ರಿ. ನಾಕ ದಿನ ಕಳದ ಮ್ಯಾಲ ಹೇಳಬೇಕಂತ ಇದ್ದೆ. ಅಷ್ಟರಾಗ ನೀವು ಬಂದು, ಬನ್ನಿ ಗಿಡ ಕಡದೇವಿ, ರಸ್ತಾ ಅಗಲ ಮಾಡೇವಿ ಅಂದ್ರಿ. ಎರಡ ರೊಟ್ಟಿ ಜಾಸ್ತಿ ತಿಂದ್ರಿ ಅವತ್ತು. ಏನಂತ ಹೇಳ್ಲಿ?"

ಕಲ್ಯಾಣಪ್ಪ ಗಾಡಿಯಿಂದಿಳಿದ. ಎಡಬದಿಯಲ್ಲಿ ಖಡಿ ಕಲ್ಲುಗಳು ಮುರುಮು ಮಣ್ಣಿನೊಳಗೆ ಕೂತು ನೆಲಗಟ್ಟಿನಂತೆ ಬಿಗಿದುಕೊಂಡಿದ್ದವು. ನೀರು ಹೊಡೆಸಿ, ರೋಲರ್ ಹಿಂದೆ ಮುಂದೆ ಹಾಯಿಸಿ, ಹಿಮ್ಮಡಿ ಒತ್ತಿದರೆ ಒಂದು ಹರಳೂ ಅಲುಗದ ಹಾಗೆ ಮಾಡಿದವನು ತಾನೇ. ಸಾಹೇಬರು ಬೆನ್ನು ತಟ್ಟಿದ್ದರು.

ಹೊಲದ ಅಂಚಿನಿಂದಲೇ ಅವಳು ಕೇಳಿದಳು, "ತೋಡೂ ಮುಂದ ಏನರ ಸಿಕ್ಕಿತ್ತೇನ್ರಿ? ಕಾಲಾಗಿನ ಬೆಳ್ಳಿ ಗೆಜ್ಜಿ ತಗೀಲಾರದೆ ಹಂಗೇ ಬಿಟ್ಟಿದ್ದೆ."

ಇಷ್ಟು ವರ್ಷ ಅವಳು ಈ ಒಂದು ಮಾತನ್ನು ಬಾಯಲ್ಲಿಟ್ಟುಕೊಂಡು ಅವನಿಗೆ ಊಟ ನೀಡಿದ್ದಳು, ಹಾಸಿಗೆ ಹಾಸಿದ್ದಳು, ಊರಿಂದ ಕಳಿಸಿಕೊಟ್ಟಿದ್ದಳು. ಅವನು ನೆನಪು ಮಾಡಿಕೊಳ್ಳಲು ನೋಡಿದ. ಮಣ್ಣು ತೋಡಿ ಬುಟ್ಟಿಯಲ್ಲಿ ಹೊತ್ತವರು ಕೂಲಿಯ ಹೆಂಗಸರು. ಎಲ್ಲಿ ಸುರಿದರೋ.

"ನಾ ಕಡೀಕ ಬರತಿದ್ದೆ" ಎಂದ. "ಖಡಿ ಹರವಿದ ಮ್ಯಾಲ. ಮ್ಯಾಲ ಕೂತಾವಗ ಕೆಳಗಿಂದ ಏನೂ ಕಾಣತಿರಲಿಲ್ಲ, ಶೇವಂತಾ."

ಅವಳು ತಲೆಯಾಡಿಸಿದಳು.

ಹಿಂದಿನಿಂದ ಬಸ್ಸಿನ ಹಾರ್ನ್ ಕೇಳಿತು. ಉಮರ್ಗಾದಿಂದ ಬಂದದ್ದು, ಟಾಪಿನ ಮೇಲೂ ಜನ. ರಸ್ತೆಯ ನಡುವೆ ನಿಂತ ಹಸಿರು ಗಾಡಿ ಕಂಡು ಡ್ರೈವರ್ ತಲೆ ಹೊರಗೆ ಹಾಕಿ ಮರಾಠಿಯಲ್ಲಿ ಕೂಗಿದ, "ಓ ಬಾಬಾ, ಗಾಡಿ ಡಾವೀಕಡೆ ಘ್ಯಾ!" ಎಡಕ್ಕೆ ತೆಗೆದುಕೋ ಎನ್ನುತ್ತಿದ್ದ. ಎಡಕ್ಕೆ ಸರಿಯುವುದೇ ರೀತಿ. ಅದಕ್ಕೆಂದೇ ಅಲ್ಲಿ ಅಷ್ಟು ಅಗಲ ಮಾಡಿದ್ದು.

ಕಲ್ಯಾಣಪ್ಪ ಎತ್ತುಗಳ ಮೂಗುದಾರ ಹಿಡಿದು ಬಲಕ್ಕೆ ಎಳೆದ. ಅವು ಹಿಂಜರಿದವು. ಎಂದೂ ಹೊಡೆಯದವನು ಬಾರಿಸಿದ. ಗಾಡಿ ರಸ್ತೆಯ ಅಂಚು ದಾಟಿ ಎರೆ ಹೊಲಕ್ಕೆ ಧಡಕ್ಕನೆ ಇಳಿಯಿತು. ಮುಂದಿನ ಗಾಲಿ ಹೂತು ತಗಡಿನ ಮೈ ಒಂದು ಕಡೆಗೆ ವಾಲಿತು. ಒಳಗೆ ಪಾತ್ರೆಗಳು ಉರುಳಿದವು. "ವೇಡಾ ಝಾಲಾಯ್ ಮ್ಹಾತಾರಾ" ಎಂದು, ಮುದುಕನಿಗೆ ಹುಚ್ಚು ಹಿಡಿದಿದೆಯೆಂದು, ಬಸ್ಸಿನಲ್ಲಿ ಯಾರೋ ನಕ್ಕರು.

ಅವನು ಓಡಿಬಂದು ರಸ್ತೆಯ ಎಡಬದಿಯಲ್ಲಿ ನಿಂತು ಎರಡೂ ಕೈ ಚಾಚಿದ. ಡ್ರೈವರ್ ಬೈಯುತ್ತ, ಬಲ ಅಂಚು ಹಿಡಿದು ಬಸ್ಸು ದಾಟಿಸಿಕೊಂಡು ಹೋದ.

ಧೂಳು ತಗ್ಗಿದಾಗ ಶೇವಂತಾಬಾಯಿ ಬದುವಿನ ಮೇಲೆ ಕೂತಿದ್ದಳು. ಕಲ್ಯಾಣಪ್ಪ ಎತ್ತುಗಳ ಕೊರಳು ಬಿಚ್ಚಿ ಬಂದು, ಅವಳಿಂದ ಸ್ವಲ್ಪ ದೂರದಲ್ಲಿ ಕೂತ. ಎತ್ತುಗಳು ಒಂದೊಂದೇ ಹೆಜ್ಜೆ ಸರಿದು, ಯಾರದೋ ಹಾಲುಗಾಳಿನ ಜೋಳಕ್ಕೆ ಬಾಯಿ ಹಾಕಿದವು. ಇಬ್ಬರೂ ನೋಡುತ್ತಲೇ ಇದ್ದರು. ಹೋಯ್ ಎಂದು ಯಾರೂ ಅನ್ನಲಿಲ್ಲ.