ಖಾಲಿ ಬಿಟ್ಟ ಬುಧವಾರ

"ಬುಧವಾರದಲ್ಲಿ ಏನೂ ಬರೆದೇ ಇಲ್ಲವಲ್ಲ" ಎಂದು ಬರ್ನಿ ಪೆನ್ಸಿಲಿನ ತುದಿಯಿಂದ ಆ ಚೌಕವನ್ನು ಕುಟ್ಟಿದ. "ಅಷ್ಟು ದೂರ ಹಾರಿಕೊಂಡು ಹೋಗಿ ಹೋಟೆಲಲ್ಲಿ ಕೂತು ಉಗುರು ಕತ್ತರಿಸ್ಕೊಳ್ಳೋದಾ?"

ಊಟದ ಮೇಜಿನ ಮೇಲೆ ಅವನು ಹರಡಿದ್ದ ಹಾಳೆಯಲ್ಲಿ ಸೆಪ್ಟೆಂಬರಿನ ಒಂದು ವಾರ ಮಾತ್ರ ಇತ್ತು. ಸೋಮವಾರ ಅಥೆನ್ಸ್ ತಲುಪುವುದು. ಮಂಗಳವಾರ ಅಕ್ರೊಪೊಲಿಸ್. ಗುರುವಾರ ಡೆಲ್ಫಿ. ಶುಕ್ರವಾರ ಮಧ್ಯಾಹ್ನ ಪಿರೇಯಸ್ ಬಂದರಿನಲ್ಲಿ ವಿಹಾರದ ಹಡಗು ಹತ್ತುವುದು. ನಿವೃತ್ತನಾಗುವವರೆಗೆ ಮೆಲ್ಬರ್ನಿನಲ್ಲಿ ಟ್ರಾಮ್ ಓಡಿಸಿದ್ದ ಬರ್ನಿಗೆ ವೇಳಾಪಟ್ಟಿಯಲ್ಲಿ ಬಿಡುವು ಕಂಡರೆ ಯಾರೋ ತಪ್ಪು ಮಾಡಿದ್ದಾರೆ ಎನಿಸುತ್ತಿತ್ತು.

"ಅದು ಹಾಗೇ ಇರಲಿ" ಎಂದಳು ಅಸಿಮೀನಾ. ಅವಳು ಆ ಮನೆಯ ಒಡತಿ. ಭಾನುವಾರದ ಊಟಕ್ಕೆ ಬಂದಿದ್ದ ಬರ್ನಿಯೂ ಅವನ ಹೆಂಡತಿ ಗ್ಲೆನಿಸಳೂ ಹಳೆಯ ಸ್ನೇಹಿತರು. ಹೊರಗೆ ಮೆಲ್ಬರ್ನಿನ ಜೂನ್ ತಿಂಗಳ ಚಳಿ ಇತ್ತು. ಕಿಟಕಿಗಳು ಮುಚ್ಚಿದ್ದವು.

ಗ್ಲೆನಿಸ್ ಕನ್ನಡಕವನ್ನು ಮೂಗಿನ ಮೇಲೆ ಸರಿಸಿ ಪ್ರವಾಸದ ಪುಸ್ತಕದ ಹಾಳೆ ತಿರುವಿದಳು. "ಹೈಡ್ರಾ ಅಂತ ಒಂದು ದ್ವೀಪ ಇದೆಯಂತೆ, ಮಿನ್ನಿ. ಬೆಳಿಗ್ಗೆ ದೋಣಿ ಹತ್ತಿದರೆ ಸಂಜೆ ವಾಪಸ್. ಇಡೀ ಊರಲ್ಲಿ ಕಾರೇ ಇಲ್ಲವಂತೆ, ಬರೀ ಕತ್ತೆಗಳು."

"ಬರ್ನಿಗೆ ನೆಂಟರು ಸಿಕ್ತಾರೆ ಬಿಡು" ಎಂದ ಕ್ಲಿಫ್.

ಕ್ಲಿಫ್ ಅಸಿಮೀನಾಳ ಗಂಡ. ಕೊಳಾಯಿ ಕೆಲಸ ಮಾಡಿ ಬೆನ್ನು ಬಾಗಿದವನು, ದಪ್ಪ ಕೈಯವನು. ಹೆಂಡತಿಯ ಹೆಸರನ್ನು ಮದುವೆಯ ವರ್ಷವೇ ಮಿನ್ನಿ ಎಂದು ಮೊಟಕು ಮಾಡಿದವನೂ ಅವನೇ. ಆಮೇಲೆ ಆಸ್ಟ್ರೇಲಿಯಾದಲ್ಲಿ ಯಾರೂ ಅವಳನ್ನು ಪೂರ್ತಿ ಹೆಸರಿನಿಂದ ಕರೆಯಲಿಲ್ಲ.

ಹಡಗಿನ ಪ್ರವಾಸ ಅವಳ ಆಸೆಯಾಗಿರಲಿಲ್ಲ. ಮಿಕ್ಕ ಮೂವರು ಹೊರಡಲು ನಿಶ್ಚಯಿಸಿದಾಗ ಅವಳು ಒಂದೇ ಮಾತು ಕೇಳಿದ್ದಳು: ಹಡಗಿಗೆ ನಾಲ್ಕು ದಿನ ಮುಂಚೆ ಹೋಗೋಣ. ತನ್ನ ಗ್ರೀಕ್ ನಾಡನ್ನು ತಮಗೆಲ್ಲ ತೋರಿಸುವ ಉತ್ಸಾಹ ಎಂದು ಅವರು ತಿಳಿದರು. ಅವಳು ತಿದ್ದಲಿಲ್ಲ. ಬುಧವಾರ ಬೆಳಿಗ್ಗೆ ಅಥೆನ್ಸಿನ ಒಂದು ಸ್ಮಶಾನದಲ್ಲಿ ಅವಳ ತಾಯಿಯ ಎಲುಬುಗಳನ್ನು ಮಣ್ಣಿನಿಂದ ತೆಗೆಯುವವರಿದ್ದರು.

ಅಲ್ಲಿ ನೆಲ ಕಡಿಮೆ. ಹೂತವರನ್ನು ಮೂರು ವರ್ಷಕ್ಕೆ ಹೊರಗೆ ತೆಗೆಯುತ್ತಾರೆ. ಮನೆಯವರು ನಿಂತು ಎಲುಬುಗಳನ್ನು ದ್ರಾಕ್ಷಾರಸದಲ್ಲಿ ತೊಳೆದು, ಒಣಗಿಸಿ, ಪೆಟ್ಟಿಗೆಗೆ ಹಾಕಿ ಕಪಾಟಿನಲ್ಲಿ ಇಡುತ್ತಾರೆ. ಮನೆಯವರು ಬಾರದಿದ್ದರೆ ಎಲ್ಲವೂ ಸಾಮೂಹಿಕ ಗುಂಡಿಗೆ ಹೋಗುತ್ತದೆ. ತಾಯಿ ತೀರಿಕೊಂಡ ವರ್ಷ ಕೊರೋನಾ ರೋಗದ ಕಾರಣ ಆಸ್ಟ್ರೇಲಿಯಾದಿಂದ ಹೊರಗೆ ಹೋಗಲು ಯಾರನ್ನೂ ಬಿಡುತ್ತಿರಲಿಲ್ಲ. ಅಸಿಮೀನಾ ಅಡುಗೆಮನೆಯಲ್ಲಿ ನಿಂತು ಫೋನಿನ ಪರದೆಯ ಮೇಲೆ ಶವಪೆಟ್ಟಿಗೆಯ ಒಂದು ಮೂಲೆಯನ್ನು ನೋಡಿದ್ದಳು. ಚಿತ್ರ ನಡುವೆಯೇ ನಿಂತುಹೋಗಿತ್ತು. ಎಲುಬು ತೆಗೆಯುವ ಬೆಳಗಿಗೆ ತಾನು ಅಲ್ಲಿರಬೇಕು ಎಂದು ಅಂದೇ ನಿಶ್ಚಯಿಸಿದ್ದಳು. ಸ್ಮಶಾನದ ಕಚೇರಿಯಲ್ಲಿ ಸೆಪ್ಟೆಂಬರಿನ ಆ ಬುಧವಾರವನ್ನು ಕೇಳಿ ಪಡೆದವಳು ಅವಳ ಚಿಕ್ಕಮ್ಮನ ಮಗಳು ಸ್ತಮಾತಾ.

"ಅಥೆನ್ಸಿನಲ್ಲಿ ಹಳೇ ಸ್ಮಶಾನಾನೂ ನೋಡಬೇಕಂತೆ ನೋಡು" ಎಂದಳು ಗ್ಲೆನಿಸ್. "ಎಷ್ಟು ಚೆನ್ನಾಗಿವೆ ಅಮೃತಶಿಲೆ ಗೊಂಬೆಗಳು!"

ಕ್ಲಿಫ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಏನು ಬರುತ್ತದೆ ಎಂದು ಅಸಿಮೀನಾಳಿಗೆ ಗೊತ್ತಿತ್ತು.

"ಅಲ್ಲಿ ಸತ್ತವರಿಗೂ ಬಾಡಿಗೆ ಮನೆ ಕಣೋ, ಬರ್ನಿ. ಮೂರು ವರ್ಷ ತುಂಬಿತೋ, ಮಾಲೀಕ ಬಂದು ಬಾಗಿಲು ತಟ್ತಾನೆ. ಏಳಪ್ಪ ಎದ್ದೇಳು, ಮುಂದಿನವನು ಗಂಟುಮೂಟೆ ಕಟ್ಕೊಂಡು ಹೊರಗೆ ನಿಂತಿದಾನೆ!"

"ಮುಂಗಡ ವಾಪಸ್ ಕೊಡ್ತಾರಾ?"

"ಸುಣ್ಣ ಬಣ್ಣದ ಖರ್ಚು ಹಿಡ್ಕೊಂಡು ಕೊಡ್ತಾರೆ."

ಗ್ಲೆನಿಸ್ "ಥೂ, ನಿಮ್ಮ" ಎನ್ನುತ್ತಲೇ ನಕ್ಕಳು. ಅಸಿಮೀನಾ ಖಾಲಿ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟಳು. ಕ್ಲಿಫ್ ಈ ಪದ್ಧತಿಯನ್ನು ಮದುವೆಯಾದ ಹೊಸದರಲ್ಲಿ ಅವಳಿಂದಲೇ ಕೇಳಿ ತಿಳಿದಿದ್ದ. ಆಮೇಲೆ ಹುಟ್ಟುಹಬ್ಬಗಳಲ್ಲಿ, ಕ್ರಿಸ್ಮಸ್ಸಿನಲ್ಲಿ, ಅವಳ ಅತ್ತೆಯ ತಿಥಿಯ ಊಟದಲ್ಲಿ ಕೂಡ ಅದನ್ನೇ ತಮಾಷೆ ಮಾಡಿ ನಗಿಸಿದ್ದ. ಮೊದಲ ಸಲ ಅವಳಿಗೆ ಸಿಟ್ಟು ಬಂದಿತ್ತು. ಈಗ ಹಾಗೇನೂ ಆಗುತ್ತಿರಲಿಲ್ಲ. ಆದರೆ ಬುಧವಾರ ಯಾತಕ್ಕೆಂದು ಅವಳು ಅವನಿಗೆ ಹೇಳಿರಲಿಲ್ಲ.

ಅವಳು ತಟ್ಟೆ ಇಟ್ಟು ಬರುವಷ್ಟರಲ್ಲಿ ಬರ್ನಿ ಚೌಕದಲ್ಲಿ ಹೈಡ್ರಾ ಎಂದು ಬರೆದಾಗಿತ್ತು. ಪಕ್ಕದಲ್ಲಿ ಪುಟ್ಟದೊಂದು ಕತ್ತೆಯನ್ನೂ ಬಿಡಿಸಿದ್ದ.

ಅಸಿಮೀನಾ ಅವನ ಮುಂದಿದ್ದ ರಬ್ಬರನ್ನು ತೆಗೆದುಕೊಂಡಳು. ಹಾಳೆಯನ್ನು ಎಡಗೈಯಿಂದ ಒತ್ತಿ ಹಿಡಿದು ಅಕ್ಷರಗಳನ್ನು ಅಳಿಸಿದಳು, ಆಮೇಲೆ ಕತ್ತೆಯನ್ನು ಅಳಿಸಿದಳು. ಪುಡಿಯನ್ನು ಅಂಗೈಯಿಂದ ಗುಡಿಸಿ ನೆಲಕ್ಕೆ ಕೆಡವಿದಳು. ತನ್ನ ಮನೆಯ ನೆಲಕ್ಕೆ ಅವಳು ಕಸ ಕೆಡವಿದ್ದನ್ನು ಕ್ಲಿಫ್ ಹಿಂದೆಂದೂ ನೋಡಿರಲಿಲ್ಲ.

"ನೀವು ಮೂರೂ ಜನ ಹೋಗಿ ಬನ್ನಿ. ನಾನು ಬರೋಲ್ಲ."

"ನೀನಿಲ್ಲದೆ ಅಲ್ಲಿ ಮಾತು ಯಾರು ಆಡೋದು? ಕತ್ತೆಗೆ ಗ್ರೀಕ್ ಬಿಟ್ಟು ಬೇರೆ ಬರುತ್ತಾ?" ಬರ್ನಿ ನಗಿಸಲು ನೋಡಿದ.

"ಆ ದಿನ ನನಗೆ ಬೇಕು, ಬರ್ನಿ."

ಅವಳ ಧ್ವನಿ ಏರಿರಲಿಲ್ಲ. ಆದರೂ ಬರ್ನಿ ಪೆನ್ಸಿಲನ್ನು ಕೆಳಗೆ ಇಟ್ಟ. ಕ್ಲಿಫ್ ಅವಳ ಮುಖವನ್ನು ನೋಡಿದ, ಹಾಳೆಯನ್ನು ನೋಡಿದ, ತುಟಿ ಅಲುಗದೆ ಮನಸ್ಸಿನಲ್ಲೇ ಏನನ್ನೋ ಎಣಿಸಿದ. ಅವನ ಕಿವಿಯ ತುದಿ ಕೆಂಪಾಯಿತು.

"ಆಯ್ತು ತಾಯಿ" ಎಂದ ಬರ್ನಿ, "ಬುಧವಾರ ನಿಂದು. ಬರೆದುಕೊಟ್ಟೆ."

ಆಗ ಹಜಾರದಲ್ಲಿ ಫೋನು ಸದ್ದು ಮಾಡಿತು. ಅಥೆನ್ಸಿನಲ್ಲಿ ಅದು ಬೆಳಗಿನ ಹೊತ್ತು, ಸ್ತಮಾತಾ ಪೂಜೆಗೆ ಹೋಗುವ ಮುಂಚೆ ಕರೆ ಮಾಡುವ ಹೊತ್ತು. ಅಸಿಮೀನಾ ಹೋಗಿ ಬಾಗಿಲನ್ನು ಅರ್ಧ ಮುಂದೆ ಮಾಡಿಕೊಂಡು ಫೋನನ್ನು ಕಿವಿಗೆ ಹಿಡಿದಳು. ಇಬ್ಬರೂ ತಾಯಂದಿರ ಹಳ್ಳಿಯ ಗ್ರೀಕ್ ಮಾತನ್ನೇ ಆಡುತ್ತಿದ್ದರು.

"ಅಕ್ಕಾ, ನಿಂತೀ ಏನ? ನಿಂತಿದ್ರ ಕುಂದ್ರು."

"ನಿಂತೇ ಇರ್ತೀನಿ. ಹೇಳು."

"ದೊಡ್ಡವ್ವನ್ನ ತಗದ್ರು. ಶುಕ್ರವಾರ."

ಅಸಿಮೀನಾ ಗೋಡೆಯ ಮೇಲಿನ ಕೋಟುಗಳನ್ನು ನೋಡುತ್ತಿದ್ದಳು. ಅತಿಥಿಗಳ ಎರಡು ಕೋಟುಗಳು ತಮ್ಮ ಕೋಟುಗಳ ಮೇಲೆ ತೂಗಿದ್ದವು.

"ಸಪ್ಟಂಬರ್ ತನಕಾ ಬಿಡ್ತೀವಿ ಅಂದಿದ್ರಲ್ಲ."

"ಅಂದಿದ್ರು. ಅಂದಾಂವಗ ವರ್ಗ ಆತು. ಹೊಸಾಂವ ಬಂದಾನ, ಅಂವಗ ಜಾಗಾ ಬೇಕಂತ. ಗುರುವಾರ ನಮ್ಮನಿಯವರ ಗೋರಿಗೆ ದೀಪಾ ಹಚ್ಚಾಕ ಹೋಗಿದ್ದೆ. ನೋಡ್ತೀನಿ, ಬಾಗಲದ ಹಲಗಿ ಮ್ಯಾಲ ದೊಡ್ಡವ್ವನ ಹೆಸರು! ನಾಳಿಗೆ ಯಾರೂ ಬರಲಿಲ್ಲಂದ್ರ ಗುಂಡಿಗೆ ಹಾಕ್ತೀವಿ ಅಂದ. ಕಂಡಾಪಟ್ಟೆ ಬೈದೆ ಅಂವಗ. ನಿನಗ ಅವ್ವ ಇಲ್ಲೇನೋ ಅಂದೆ. ಅದಾಳ, ಅಡಗಿ ಮಾಡಿ ಕಾಯಾಕತ್ತಾಳ, ಲಗೂ ಹೇಳವ್ವಾ ಅಂದ. ಏನ್ ಮಾಡ್ಲಿ ನಾ?"

"ನನಗ ಫೋನ್ ಮಾಡಬೇಕಿತ್ತು."

"ಮಾಡಿದ್ರ ನೀ ತಡಿ ಅಂತಿದ್ದಿ. ಅವ್ರು ತಡೀತಿದ್ದಿಲ್ಲ. ಆಮ್ಯಾಲ ನಾ ಯಾರ ಮಾತು ಕೇಳ್ಲಿ?"

ಲೆಕ್ಕ ಸರಿಯಾಗಿತ್ತು. ಅದರಲ್ಲಿ ಅಸಿಮೀನಾಳಿಗೆ ತಪ್ಪು ಕಾಣಲಿಲ್ಲ.

"ಹೆಂಗಿದ್ಲು?" ಎಂದು ಕೇಳಿದಳು.

"ಸ್ವಚ್ಛ ಬಂದ್ಲು, ಅಕ್ಕಾ. ಜೇನುಮೇಣದ ಬಣ್ಣ. ಮಣ್ಣು ಛೊಲೋ ಹಿಡದೈತಿ ಅಂತ ಪಾದ್ರಿ ಸೈತ ಅಂದ. ಕೆಂಪು ದ್ರಾಕ್ಷಾರಸದಾಗ ಒಂದೊಂದ ತೊಳದೆ. ತೊಳಿಯೋವಾಗ ದೊಡ್ಡವ್ವಗ ಹೇಳಿದೆ, ಇದು ನನ್ನ ಕೈ ಅಲ್ಲ, ಅಸಿಮೀನಾನ ಕೈ ಅಂತ ತಿಳ್ಕೋ ಅಂತ. ಆಮ್ಯಾಲ ಬಿಸಿಲಿಗೆ ಹರವಿದೆ."

"ಯಾವ ಬಟ್ಟಿ ಮ್ಯಾಲ?"

"ನಮ್ಮನಿ ಹಾಸಗಿ ಚಾದರ. ಒಗದದ್ದ ಐತಿ."

"ನಾ ಬಟ್ಟಿ ತಂದಿಟ್ಟಿದ್ದೆ."

"ಏನಂದಿ? ಕೇಳಸವಲ್ದು."

"ಏನಿಲ್ಲ."

"ಪೆಟಿಗಿ ಸಣ್ಣದು. ಕಪಾಟಿನ ಕೀಲಿ ತರೂತನಕಾ ಉಡ್ಯಾಗ ಇಟಗೊಂಡು ಕುಂತಿದ್ದೆ. ಅಷ್ಟು ಹಗುರ ಆಗ್ಯಾಳ. ನೀ ಬಾ, ತೋರಸ್ತೀನಿ. ಇಡೀ ದಿವಸೇನೂ ಬ್ಯಾಡ ಈಗ, ಕಪಾಟ ತಗದು ನೋಡೂದಷ್ಟ. ಇಳದ ದಿನಾನ ಸಂಜೀಕ ಹೋಗಿ ಬಂದ್ರಾತು. ನನ್ನ ಮ್ಯಾಲ ಸಿಟ್ಟು ಏನ, ಅಕ್ಕಾ?"

"ಇಲ್ಲ. ನೀ ಇದ್ದದ್ದಕ್ಕ ಗುಂಡಿ ತಪ್ಪಿತು." ಬಾಯಿಯಿಂದ ಬಂದ ಮಾತನ್ನು ಅಸಿಮೀನಾ ತಾನೇ ಬೇರೆಯವರ ಮಾತಿನಂತೆ ಕೇಳಿಸಿಕೊಂಡಳು. "ನಿನ್ನ ಮೊಣಕಾಲು ಹ್ಯಾಂಗೈತಿ?"

ಮೊಣಕಾಲಿನ ವಿಷಯ ಮುಗಿಯುವವರೆಗೆ ಕೇಳಿದಳು. ಫೋನು ಇಟ್ಟಳು. ಅಡುಗೆಮನೆಗೆ ಹೋಗಿ ಕೆಟಲಿಗೆ ನೀರು ಹಿಡಿದಳು. ಅಳು ಬರಬಹುದು ಎಂದು ಒಂದು ಕ್ಷಣ ಕಾದಳು. ಬರಲಿಲ್ಲ. ಕೆಟಲು ತುಂಬಿ ಉಕ್ಕಿತು. ಕ್ಲಿಫ್ ಹಿಂದಿನಿಂದ ಕೈ ಚಾಚಿ ನಲ್ಲಿ ನಿಲ್ಲಿಸಿದ.

ಅವನು ಬಾಗಿಲು ಮುಚ್ಚಿಕೊಂಡು ಬಂದಿದ್ದ. ಗ್ರೀಕ್ ಅವನಿಗೆ ಬರುತ್ತಿರಲಿಲ್ಲ. ಆಗ ನಡೆದ ಮಾತಿನಲ್ಲಿ ಅವನಿಗೆ ತಿಳಿದದ್ದು ಸೆಪ್ಟೆಂಬರ್ ಎಂಬ ಒಂದು ಪದ ಮಾತ್ರ.

"ಬುಧವಾರ ನಿಮ್ಮಮ್ಮಂದು. ಅಲ್ವಾ?"

ಅವಳು ಕೆಟಲಿನ ಹೊರಮೈ ಒರೆಸಿದಳು.

"ಮೂರು ವರ್ಷ ಆಯ್ತಲ್ಲ. ಈಗ ಅಲ್ಲಿ ಕೂತಿದ್ದಾಗ ಹೊಳೀತು." ಅವನು ತನ್ನ ದಪ್ಪ ಬೆರಳುಗಳನ್ನು ಒಂದಕ್ಕೊಂದು ಉಜ್ಜಿದ. "ಆ ಬಾಡಿಗೆ ಮನೆ ಮಾತು... ನನ್ನ ಬಾಯಿ ಹಾಳು ಬಾಯಿ, ಮಿನ್ನಿ. ನೀನು ಒಂದು ಸಲ ಬಾಯಿ ಮುಚ್ಚು ಅನ್ನಬಾರದಿತ್ತಾ?"

"ಎಲ್ಲರೂ ನಗ್ತಿದ್ರು."

"ನಾನೂ ಬರ್ತೀನಿ ಆವತ್ತು. ಬರ್ನಿ ಬೇಕಾದರೆ ದ್ವೀಪಕ್ಕೆ ಹೋಗಲಿ. ಏನು ಮಾಡಬೇಕು ಅಂತ ನೀನು ಹೇಳಿಕೊಡು. ಹಿಡ್ಕೋ ಅಂದರೆ ಹಿಡ್ಕೋತೀನಿ. ತೊಳಿ ಅಂದರೆ ತೊಳೀತೀನಿ. ನನಗೇನೂ ಹೇಸಿಗೆ ಇಲ್ಲ, ಜನ್ಮವೆಲ್ಲ ಬಚ್ಚಲು ಕೊಳವೆ ತೊಳೆದವನು ನಾನು." ಹೇಳಿದ ಮೇಲೆ ಅದೂ ತಪ್ಪಾಯಿತೇನೋ ಎಂದು ಅವಳ ಮುಖ ನೋಡಿದ.

ಅವನಿಂದ ಇಂಥ ಮಾತು ಬಂದೀತೆಂದು ಅವಳು ಯಾವ ಕಾಲದಲ್ಲಿ ಕಾದಿದ್ದಳೋ, ಆ ಕಾಲ ಅವಳಿಗೆ ಈಗ ನೆನಪಾಗಲಿಲ್ಲ.

"ಮುಗೀತಂತೆ" ಎಂದಳು.

"ಏನು ಮುಗೀತು?"

"ಶುಕ್ರವಾರ ತೆಗೆದರಂತೆ. ಅವರಿಗೆ ಜಾಗ ಬೇಕಿತ್ತಂತೆ. ಸ್ತಮಾತಾ ಹೋಗಿ ತೊಳೆದಳು."

ಕ್ಲಿಫ್ ಅವಳ ಹೆಗಲ ಮೇಲೆ ಕೈ ಇಟ್ಟ. ಅವಳು ಅದನ್ನು ಸರಿಸಲಿಲ್ಲ, ಅದರತ್ತ ಒರಗಲೂ ಇಲ್ಲ. ಕೆಟಲು ಸದ್ದು ಮಾಡತೊಡಗಿತು.

ಒಳಗಿನಿಂದ ಬರ್ನಿ ಕೂಗಿದ: "ಏನ್ರೋ, ನಾವು ಮೂರು ಜನ ದ್ವೀಪಕ್ಕೆ ಹೋಗೋದು ಖಾತ್ರಿ ತಾನೆ? ಬರ್ಕೊಳ್ಳಲಾ?"

"ನಾಲ್ಕು ಜನ ಅನ್ನು" ಎಂದಳು ಅಸಿಮೀನಾ.

"ಬೇಡ ಮಿನ್ನಿ. ಆ ದಿನ ನಿಂದೇ ಇರಲಿ. ನಾವಿಬ್ಬರೂ ಅಲ್ಲಿಗೆ ಹೋಗಿ..."

"ಇಟ್ಕೊಂಡು ಏನು ಮಾಡಲಿ? ಹೇಳು ಹೋಗು."

ಅವನು ಹೋಗಿ ಹೇಳಿದ. ಗ್ಲೆನಿಸ್ ಚಪ್ಪಾಳೆ ತಟ್ಟಿದ್ದು ಕೇಳಿಸಿತು. "ನನಗೆ ಗೊತ್ತಿತ್ತು, ಅವಳು ಬಂದೇ ಬರ್ತಾಳೆ ಅಂತ" ಎಂದ ಬರ್ನಿ. ಅವನ ಕತ್ತೆ ಮತ್ತೆ ಚೌಕದೊಳಗೆ ಬಂತು.

ಅಸಿಮೀನಾ ಟೀಗೆ ಮೊದಲು ಬಂದದ್ದು ಒಂದು ಬಟ್ಟೆ ಹಿಡಿದುಕೊಂಡು. ಬಿಳಿಯ ನಾರುಬಟ್ಟೆ, ಅಂಚಿಗೆ ಬಿಳಿಯ ದಾರದಲ್ಲೇ ಕಸೂತಿ. ಹಾಳೆ ಪುಸ್ತಕಗಳನ್ನು ಎತ್ತಿಸಿ ಅದನ್ನು ಮೇಜಿನ ಮೇಲೆ ಹರವಿ, ನಾಲ್ಕೂ ಮೂಲೆಗಳನ್ನು ಎಳೆದು ಸಮ ಮಾಡಿದಳು. ಮಡಿಕೆಯ ಗೆರೆಗಳು ನಡುವೆ ಎದ್ದು ನಿಂತಿದ್ದವು.

"ಅಯ್ಯೋ, ಇಷ್ಟು ಒಳ್ಳೇ ಬಟ್ಟೆ ನಮಗೆ ಯಾಕೆ?" ಎಂದಳು ಗ್ಲೆನಿಸ್. "ಒಂದು ಸಲವೂ ಹಾಸಿಲ್ಲ ಅಂತ ಕಾಣುತ್ತೆ."

"ಹಾಸೋಕೇ ತಂದಿದ್ದು."

ಬೇಸಿಗೆಯಲ್ಲಿ ಅವಳು ಇದನ್ನು ಕೊಂಡಾಗ ಅಂಗಡಿಯಲ್ಲಿ ಕ್ಲಿಫ್ ಜೊತೆಗಿದ್ದ. ಹಾಸದೆ ಯಾಕೆ ಎತ್ತಿಟ್ಟೆ ಎಂದು ಒಮ್ಮೆ ಕೇಳಿದ್ದಕ್ಕೆ, ಸೆಪ್ಟೆಂಬರಿಗೆ ಎಂದಿದ್ದಳು. ಹಡಗಿನಲ್ಲಿ ಮೇಜುಬಟ್ಟೆ ಯಾರಿಗೆ ಬೇಕು ಎಂದು ಅವನು ಅಂದು ನಕ್ಕಿದ್ದ.

ಅವಳು ಟೀ ಬಗ್ಗಿಸಿದಳು. ಬಿಸ್ಕತ್ತು ಮುರಿದು ಪುಡಿ ಬಿತ್ತು. ದ್ವೀಪದಲ್ಲಿ ಮೀನು ಎಲ್ಲಿ ತಿನ್ನಬೇಕು ಎಂದು ಗ್ಲೆನಿಸ್ ಪುಸ್ತಕದಿಂದ ಗಟ್ಟಿಯಾಗಿ ಓದುತ್ತಿದ್ದಳು, ಅಸಿಮೀನಾ ತಲೆ ಆಡಿಸುತ್ತಿದ್ದಳು. ಬರ್ನಿ ಬಟ್ಟಲನ್ನು ಎತ್ತಿದಲ್ಲೆಲ್ಲ ಬಟ್ಟೆಯ ಮೇಲೆ ಕಂದು ಬಣ್ಣದ ಉಂಗುರ ಉಳಿಯಿತು. ಕ್ಲಿಫ್ ತನ್ನ ಬಟ್ಟಲನ್ನು ಎರಡೂ ಕೈಗಳಲ್ಲಿ ಹಿಡಿದು ಕುಳಿತಿದ್ದ. ಆವಿ ನಿಂತು ಟೀ ಪೂರ್ತಿ ಆರಿದ ಮೇಲೂ ಅದನ್ನು ಮೇಜಿನ ಮೇಲೆ ಇಡಲಿಲ್ಲ.