ಹತ್ತು ನಿಮಿಷದ ಊರು

ಡೀಸೆಲ್ ವಾಸನೆ ಬಂತೆಂದರೆ ಅಜ್ಜಿಗೆ ಇಂದಿಗೂ ಹೊಟ್ಟೆಯೊಳಗೆ ರಜೆ ಶುರುವಾಗುತ್ತದೆ. ಚಿಕ್ಕಂದಿನಲ್ಲಿ ಬಸ್ಸಿನ ಹಿಂದೆ ನಿಂತು ಆ ಹೊಗೆಯನ್ನು ಎದೆ ತುಂಬ ಎಳೆದುಕೊಂಡರೆ ಸಾಕು, ಸೋದರಮಾವನ ಮನೆ ಅರ್ಧ ತಲುಪಿದ ಹಾಗೆ. ಮುಂದೆ ಬಸ್ ಡ್ರೈವರನನ್ನೇ ಮದುವೆಯಾದಾಗ, ಹುಡುಗನನ್ನು ನೋಡಿ ಒಪ್ಪಿದೆಯೋ ವಾಸನೆ ನೋಡಿ ಒಪ್ಪಿದೆಯೋ ಎಂದು ಅಕ್ಕಂದಿರು ಕಾಲೆಳೆದಿದ್ದರು.

ಆದ್ದರಿಂದ ಆ ಬೆಳಿಗ್ಗೆ ಪೆಟ್ರೋಲ್ ಬಂಕಿನಲ್ಲಿ, ಕಾರಿನ ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದಾಗ ಆ ವಾಸನೆ ಮೂಗಿಗೆ ಬಡಿದರೂ ಅಜ್ಜಿಗೆ ಅನುಮಾನ ಬರಲಿಲ್ಲ. ಹಿತವಾಗಿ ಮಗ್ಗುಲು ಬದಲಿಸಿದಳು, ಅಷ್ಟೆ. ಮಗಳು ಮೊಮ್ಮಗಳನ್ನು ಕರೆದುಕೊಂಡು ನೀರು ತರಲು ಹೋಗಿದ್ದಳು. ಅಜ್ಜ ಕಿಟಕಿಯಿಂದ ಮೊಣಕೈ ಹೊರಗೆ ಹಾಕಿ, ಮೂವತ್ತು ವರ್ಷ ಬಸ್ಸಿನ ಮೇಲಿಂದ ಹೇಳಿದ ಹಾಗೆಯೇ, "ಡೀಸೆಲ್, ಫುಲ್" ಅಂದಿದ್ದ.

ಕಾರು ಪೆಟ್ರೋಲಿನದು.

ಸೇತುವೆ ದಾಟಿತು, ಊರೊಳಗೆ ನುಗ್ಗಿತು, ಮೊದಲ ಸಿಗ್ನಲಿನಲ್ಲಿ ಕೆಮ್ಮಿ ಸೀನಿ ನಿಂತೇಬಿಟ್ಟಿತು.

ಸಮುದ್ರ ನೋಡಲು ಹೊರಟ ಈ ಪ್ರಯಾಣ ಉಳಿದವರಿಗೆ ಮಜಾ, ಅಜ್ಜನಿಗೆ ಮಾತ್ರ ಪರೀಕ್ಷೆ. ವರ್ಷದೊಳಗೆ ಎರಡು ಸಲ ಗೇಟಿನ ಕಂಬಕ್ಕೆ ಕಾರು ಉಜ್ಜಿದ್ದ. ಕಂಬವೇ ಪಕ್ಕಕ್ಕೆ ಬಂತು ಎನ್ನುವುದು ಅವನ ವಾದ. ಹೊರಡುವ ಹಿಂದಿನ ದಿನ ಮಗಳು ಖಂಡತುಂಡವಾಗಿ ಹೇಳಿದ್ದಳು: "ಅಪ್ಪ, ಹೋಗಿ ಬರೋತನಕ ನೀವೇ ಓಡಿಸಿ. ಏನಾದ್ರೂ ಎಡವಟ್ಟಾಯ್ತೋ, ಕೀ ನನ್ನ ಕೈಗೆ. ಆಮೇಲೆ ಸ್ಟೇರಿಂಗ್ ಮುಟ್ಟೋ ಹಾಗಿಲ್ಲ." ಕೀ ಹೋದರೆ ಈ ಮನುಷ್ಯ ಮನೆಯಲ್ಲಿ ಕೂತು ನನ್ನ ಅಡುಗೆಯನ್ನು ಓಡಿಸಲು ಬರುತ್ತಾನೆ ಎಂಬ ಚಿಂತೆ ಅಜ್ಜಿಯದು. ಅದು ನಗುವ ಚಿಂತೆ. ಕೀ ಇಲ್ಲದ ಜೇಬನ್ನು ಅವನು ದಿನಕ್ಕೆ ಎಷ್ಟು ಸಲ ತಡವಿಕೊಳ್ಳುತ್ತಾನೋ ಎಂಬುದು ಇನ್ನೊಂದು; ಅದನ್ನು ಯಾರಿಗೂ ಹೇಳಿರಲಿಲ್ಲ.

ಹತ್ತಿರದ ಗ್ಯಾರೇಜಿನವನು ಬಂದು ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದ. ಅಜ್ಜನ ಮುಖ ನೋಡಿದ, ಮಗಳ ಮುಖ ನೋಡಿದ.

"ಏನಾಗಿದೆ?" ಎಂದಳು ಮಗಳು.

"ಹೊಟ್ಟೆ ಕೆಟ್ಟಿದೆ ಅಮ್ಮ. ಊಟ ಬದಲಾಯ್ತಲ್ಲ, ಒಗ್ಗಿಲ್ಲ. ಪೂರ್ತಿ ಖಾಲಿ ಮಾಡಿ ತೊಳೀಬೇಕು, ಸಂಜೆ ಆಗುತ್ತೆ."

ಮಗಳು ತಾನೂ ಬಗ್ಗಿ ಮೂಸಿದಳು. ಎದ್ದು ನಿಂತು ಸೆರಗಿನಿಂದ ಮೂಗು ಒರೆಸಿಕೊಂಡಳು. ಬೈದಿದ್ದರೆ ಅಜ್ಜಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಕೆಡೋಕೆ ಬೇರೆ ಊರೇ ಸಿಗ್ಲಿಲ್ವಾ ಇದಕ್ಕೆ?" ಅಜ್ಜ ಕಾರಿನ ಕಡೆ ತಿರುಗಿ ಗುರುಗುಟ್ಟಿದ.

"ಅದ್ಯಾಕ್ರೀ ಕಾರಿಗೆ ಬೈತೀರಾ? ಕುಡಿಸಿದ್ದು ಅದಲ್ಲವಲ್ಲ."

"ಹತ್ತು ನಿಮಿಷದ ಊರು ಕಣೇ ಇದು. ಬಸ್ಸು ಅಷ್ಟೇ ಹೊತ್ತು ನಿಲ್ತಿದ್ದಿದ್ದು, ಅದೇ ಜಾಸ್ತಿ. ಧೂಳು, ಬಸ್ ಸ್ಟ್ಯಾಂಡು, ಮತ್ತೆ ಧೂಳು. ಇನ್ನೇನಿದೆ?"

"ಅಜ್ಜ, ಬಸ್ ಸ್ಟ್ಯಾಂಡ್ ಆಚೆ ನೋಡಿದ್ದೀಯಾ?" ಪುಟ್ಟಿ ಕೇಳಿದಳು. ಅವಳಿಗೆ ಏಳು ವರ್ಷ, ಲಾಯರಿನ ನಾಲಿಗೆ.

"ನೋಡೋಕೇನಿದೆ ಅಲ್ಲಿ?"

"ಅಂದ್ರೆ ನೋಡಿಲ್ಲ."

ಕಾರನ್ನು ಗ್ಯಾರೇಜಿಗೆ ಬಿಟ್ಟು ನಾಲ್ವರೂ ನಡೆದು ಹೊರಟರು. ಬಸ್ ಸ್ಟ್ಯಾಂಡಿನ ಹಿಂಗೋಡೆ ದಾಟಿದ್ದೇ ತಡ, ಗಡಿಯಾರ ರಿಪೇರಿಯವರ ಓಣಿ ಸಿಕ್ಕಿತು. ಒಂದೊಂದು ಅಂಗಡಿಯ ಮುಂದೂ ಒಂದೊಂದು ಬೆಂಚು, ಗೋಡೆ ತುಂಬ ಗಡಿಯಾರ, ಒಂದಕ್ಕೂ ಇನ್ನೊಂದಕ್ಕೂ ತಾಳಮೇಳವಿಲ್ಲ. ಜೀವಮಾನವಿಡೀ ಟೈಮಿಗೆ ಸರಿಯಾಗಿ ಬಸ್ಸು ಬಿಟ್ಟ ಅಜ್ಜನಿಗೆ ತಡೆಯಲಾಗಲಿಲ್ಲ. "ಇದರಲ್ಲಿ ಯಾವುದಪ್ಪ ಸರಿ?"

ರಿಪೇರಿಯವನು ಕಣ್ಣಿನ ಭೂತಗನ್ನಡಿ ತೆಗೆಯದೆಯೇ, "ನಿಮಗೆ ಯಾವುದು ಅನುಕೂಲವೋ ಅದು ಇಟ್ಕೊಳ್ಳಿ ಸ್ವಾಮಿ" ಎಂದ. ಹಾಗೆನ್ನುತ್ತಲೇ ಕಾಲಿನಿಂದ ಬೆಂಚನ್ನು ಅಜ್ಜಿಯ ಕಡೆಗೆ ತಳ್ಳಿದ. ಅವಳ ಮಂಡಿ ನೋಯುತ್ತಿದ್ದುದು ಮನೆಯವರಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ.

ಓಣಿ ಮುಗಿದಲ್ಲಿ ಕಾಲುವೆ. ಅಗಲವಾದ, ಹಸಿರು ನೀರಿನ, ಇಕ್ಕೆಲಕ್ಕೂ ಮರ ಬಾಗಿದ ಕಾಲುವೆ. ಅಡ್ಡಕ್ಕೆ ಒಂದು ದಪ್ಪ ಹಗ್ಗ, ಹಗ್ಗದ ಕೆಳಗೆ ಹಲಗೆಯ ತೆಪ್ಪ. ಹುಟ್ಟಿಲ್ಲ, ಇಂಜಿನ್ನಿಲ್ಲ, ಹತ್ತಿದವರೆಲ್ಲ ಹಗ್ಗ ಎಳೆಯಬೇಕು, ತೆಪ್ಪ ಆಚೆ ದಡ ಸೇರಬೇಕು. ಸೀಟಿ ಊದಲು ಒಬ್ಬ ಗಟ್ಟಿಗಿತ್ತಿ ಹೆಂಗಸು. ಪುಸ್ತಕ ಹಿಡಿದವರು, ಸೈಕಲ್ಲಿನವರು, ತರಕಾರಿ ಚೀಲದವರು ನಗುನಗುತ್ತ ಹತ್ತುತ್ತಿದ್ದರು.

ಅಜ್ಜ ಹಲಗೆಗೆ ಕಾಲಿಟ್ಟವನೇ ಅಧಿಕಾರ ವಹಿಸಿಕೊಂಡ. "ಮುಂದೆ ಹೋಗಿ, ಮುಂದೆ ಜಾಗ ಇದೆ! ಸೈಕಲ್ ಎಡಕ್ಕೆ! ಭಾರ ಸಮ ಇರಲಿ!"

"ತಾತ," ಎಂದಳು ಸೀಟಿಯವಳು, "ಮಾತು ಕಮ್ಮಿ ಮಾಡಿ ಕೈ ಜಾಸ್ತಿ ಮಾಡ್ತೀರಾ?"

ತೆಪ್ಪವೆಲ್ಲ ಘೊಳ್ಳೆಂದಿತು. ಅಜ್ಜಿ ನೋಡಿದಳು: ಬೆಳಗಿನಿಂದ ಬಿಗಿದುಕೊಂಡಿದ್ದ ಮಗಳೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅಜ್ಜ ಮೀಸೆ ತಿರುವಿ, ಅಂಗಿಯ ತೋಳು ಮಡಚಿ, ಮಗಳ ಪಕ್ಕದಲ್ಲೇ ಹಗ್ಗ ಹಿಡಿದ. ಅವನ ಕೈ, ಅವಳ ಕೈ, ಮತ್ತೆ ಅವನ ಕೈ.

ಆಚೆ ದಡ ಮುಟ್ಟಿದರು. ಪುಟ್ಟಿಯ ಹಟಕ್ಕೆ ಈಚೆ ಬಂದರು. ಅಜ್ಜನ ಹಟಕ್ಕೆ ಮತ್ತೆ ಆಚೆ ಹೋದರು. ಆ ಮೂರನೆಯ ಸಲ, ನಡುನೀರಿನಲ್ಲಿ, ಅವನು ಮಗಳಿಗಷ್ಟೇ ಕೇಳುವ ಹಾಗೆ ಹೇಳಿದ. ಬೆನ್ನ ಹಿಂದಿದ್ದ ಅಜ್ಜಿಗೂ ಕೇಳಿಸಿತು.

"ಬಂಕಲ್ಲಿ ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ ಮಗಾ. ಹೇಳಿದ್ದು ನನಗೇ ಗೊತ್ತಾಗ್ಲಿಲ್ಲ. ಅದೇ ಒಂಥರಾ ಭಯ."

ಮಗಳು ಹಗ್ಗದ ಮೇಲೆ ಕೈ ಮುಂದಕ್ಕೆ ಸರಿಸಿದಳು. "ಗೊತ್ತಪ್ಪ," ಎಂದಳು. "ಈಗ ಎಳೀರಿ, ಹಿಂದಿನವರು ನಮ್ಮನ್ನೇ ನೋಡ್ತಿದ್ದಾರೆ."

ಸಂಜೆ ಗ್ಯಾರೇಜಿಗೆ ಬಂದಾಗ ಕಾರು ತೊಳೆದು ಮಡಿಯಾಗಿ ನಿಂತಿತ್ತು. ಗ್ಯಾರೇಜಿನವನು ಕೀ ಹಿಡಿದು ಒಂದು ಕ್ಷಣ ತಡೆದ. ಯಾರ ಕೈಗೆ ಕೊಡಬೇಕೆಂದು ಅವನಿಗೂ ಇಕ್ಕಟ್ಟು. ಕೊನೆಗೆ, "ತಗೊಳ್ಳಿ ಡ್ರೈವರ್ ಸಾಹೇಬ್ರೇ" ಎಂದು ಅಜ್ಜನಿಗೇ ಕೊಟ್ಟ. ಅಜ್ಜ ಸುತ್ತು ಹಾಕಿ ಡ್ರೈವರ್ ಕಡೆಯ ಬಾಗಿಲು ತೆರೆದ. ಮಗಳು ಆಕಾಶ ನೋಡುತ್ತಿದ್ದಳು.

"ಕೂತ್ಕೋ," ಎಂದು ಅವನು ಕೀಯನ್ನು ಮಗಳ ಕಡೆ ಚಾಚಿದ.

"ಅಪ್ಪ, ನಾನೇನೂ ಹೇಳ್ಲಿಲ್ಲವಲ್ಲ."

"ನಿನ್ನ ಮಾತಿಗಲ್ಲ. ಈ ಊರಲ್ಲಿ ಮುಂದಿನ ಲಾರಿಯ ಬೆನ್ನು ಬಿಟ್ಟು ಇಷ್ಟು ವರ್ಷ ಏನೂ ನೋಡ್ಲಿಲ್ಲ ನಾನು. ಸ್ವಲ್ಪ ಪಕ್ಕಕ್ಕೆ ನೋಡ್ಕೊಂಡು ಹೋಗೋಣ ಅಂತ."

ಹಾಗೆ ಅವನು ಹಿಂದಿನ ಸೀಟಿನಲ್ಲಿ, ಅಜ್ಜಿಯ ಪಕ್ಕ, ಕಿಟಕಿಯ ಬದಿಗೆ ಕೂತ. ನೋಡಿದ್ದು ಮಾತ್ರ ಅರ್ಧ ಕಿಟಕಿ, ಅರ್ಧ ರಸ್ತೆ. ತಿರುವು ಬಂದಾಗಲೆಲ್ಲ ಅವನ ಬಲಗಾಲು ಮ್ಯಾಟನ್ನು ಒತ್ತುತ್ತಿತ್ತು.

"ಅಪ್ಪ, ಅಲ್ಲಿ ಬ್ರೇಕ್ ಇಲ್ಲ."

"ಇಲ್ಲ ಅಂತ ಗೊತ್ತು. ಇರ್ಬೇಕಿತ್ತು."

ಪುಟ್ಟಿ ಕಿಲಕಿಲ ನಕ್ಕಳು. ಅಜ್ಜ ನಗಲಿಲ್ಲ. ಅವನ ಕೈ ಒಮ್ಮೆ ಜೇಬಿನ ಕಡೆ ಹೋಗಿ ಬರಿದೇ ಮರಳಿತು. ಅಜ್ಜಿ ಕಿಟಕಿಯಾಚೆ ಏನೋ ನೋಡುತ್ತಿರುವವಳ ಹಾಗೆ ಮುಖ ತಿರುಗಿಸಿಕೊಂಡಳು.

ಊರ ಕೊನೆಯ ಹೋಟೆಲಿನ ಮುಂದೆ ಮಗಳು ಕಾರು ನಿಲ್ಲಿಸಿ ಒಬ್ಬಳೇ ಒಳಗೆ ಹೋದಳು. ಬಸ್ಸು ನಿಲ್ಲುವ ಹೋಟೆಲುಗಳಲ್ಲಿ, ಪ್ರಯಾಣಿಕರು ಎಷ್ಟೇ ಕೂಗಾಡಲಿ, ಮೊದಲ ತಟ್ಟೆ ಹೋಗುವುದು ಡ್ರೈವರಿಗೆ. ಅಪ್ಪನ ಬಸ್ಸಿನಲ್ಲಿ ಬೆಳೆದ ಹುಡುಗಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪೊಟ್ಟಣಗಳನ್ನು ಹಿಡಿದು ಬಂದು ಹಿಂದಿನ ಬಾಗಿಲು ತೆರೆದಳು. ಪುಟ್ಟಿ ಎರಡೂ ಕೈ ಚಾಚಿದಳು. ಮಗಳು ಅವಳನ್ನು ದಾಟಿ, ಅಜ್ಜಿಯನ್ನು ದಾಟಿ ಬಗ್ಗಿ, ಬಿಸಿ ಆರದ ಮೊದಲ ಪೊಟ್ಟಣವನ್ನು ಮಾತಿಲ್ಲದೆ ಅಪ್ಪನ ತೊಡೆಯ ಮೇಲಿಟ್ಟಳು.